ಎಕ್ಸ್-ರೇ ಕೇಂದ್ರದಲ್ಲಿ ಮಷಿನ್ ಲರ್ನಿಂಗ್ ಪಿಎಚ್‌ಡಿ: ಕೆಲಸ ಏನು, ಹಣ ಎಲ್ಲಿಂದ, ಅರ್ಜಿ ಹೇಗೆ

ಎಕ್ಸ್-ರೇ ಸಂಶೋಧನಾ ಕೇಂದ್ರವೊಂದು ಮಷಿನ್ ಲರ್ನಿಂಗ್‌ನಲ್ಲಿ ಪಿಎಚ್‌ಡಿ ಮಾಡಲು ಸ್ಕಾಲರ್‌ಶಿಪ್ ಕೊಡುತ್ತದೆ ಎಂದರೆ, ಆಸ್ಪತ್ರೆಯ ಎಕ್ಸ್-ರೇ ನೋಡಿ ರೋಗ ಹೇಳುವ ಸಾಫ್ಟ್‌ವೇರ್ ಬರೆಯುವ ಕೆಲಸವಿರಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಬಹಳ ಕಡಿಮೆ. ಇಲ್ಲಿ ಎಕ್ಸ್-ರೇ ಹೊರಡುವುದು ಕಿಲೋಮೀಟರ್‌ಗಟ್ಟಲೆ ಉದ್ದದ ಯಂತ್ರದಿಂದ. ಅದರ ಮುಂದೆ ಇಡುವುದು ಪ್ರೋಟೀನ್ ಹರಳು, ಬ್ಯಾಟರಿಯ ಚೂರು, ಕಬ್ಬಿಣದ ಮಿಶ್ರಲೋಹ ಇಂಥವನ್ನು. ಅಂಥ ಕಡೆ ಮಷಿನ್ ಲರ್ನಿಂಗ್ ಏಕೆ ಬೇಕಾಯಿತು, ಪಿಎಚ್‌ಡಿ ವಿದ್ಯಾರ್ಥಿ ದಿನವಿಡೀ ಏನು ಮಾಡುತ್ತಾನೆ ಎಂಬುದು ಗೊತ್ತಿದ್ದರೆ ಅರ್ಜಿಯಲ್ಲಿ ಏನು ಬರೆಯಬೇಕು ಎಂಬುದೂ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಯಂತ್ರ, ಆಮೇಲೆ ಅರ್ಜಿ.

ಜರ್ಮನಿಯ ಹ್ಯಾಂಬರ್ಗ್ ನಗರವನ್ನೇ ಉದಾಹರಣೆಯಾಗಿ ನೋಡೋಣ. ಅಲ್ಲಿ ಡೇಸಿ ಸಂಸ್ಥೆಯ ಪೆಟ್ರಾ-3 ಎಂಬ ಸಿಂಕ್ರೊಟ್ರಾನ್ ಇದೆ. 2.3 ಕಿಲೋಮೀಟರ್ ಸುತ್ತಳತೆಯ ಉಂಗುರದಲ್ಲಿ 6 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳು ಸುತ್ತುತ್ತಿರುತ್ತವೆ, ತಿರುವಿನಲ್ಲಿ ಮತ್ತು ಅಯಸ್ಕಾಂತದ ಸಾಲುಗಳ ನಡುವೆ ಎಕ್ಸ್-ರೇ ಚೆಲ್ಲುತ್ತವೆ. ಡೇಸಿಯ ಆವರಣದಿಂದಲೇ ಶುರುವಾಗಿ ಪಕ್ಕದ ಶೆನೆಫೆಲ್ಡ್ ಊರಿನವರೆಗೆ 3.4 ಕಿಲೋಮೀಟರ್ ನೆಲದಡಿ ಸಾಗುವುದು ಯುರೋಪಿಯನ್ ಎಕ್ಸ್‌ಫೆಲ್ ಎಂಬ ಎಕ್ಸ್-ರೇ ಲೇಸರ್. 2017ರ ಸೆಪ್ಟೆಂಬರ್‌ನಲ್ಲಿ ಬಳಕೆಗೆ ತೆರೆದ ಈ ಯಂತ್ರ ಎಲೆಕ್ಟ್ರಾನ್‌ಗಳನ್ನು 17.5 ಗಿಗಾ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಓಡಿಸಬಲ್ಲದು, ಸೆಕೆಂಡಿಗೆ 27,000 ಎಕ್ಸ್-ರೇ ಮಿಂಚುಗಳನ್ನು ಕೊಡಬಲ್ಲದು. ಒಂದೊಂದು ಮಿಂಚಿನ ಅವಧಿ 100 ಫೆಮ್ಟೊಸೆಕೆಂಡಿಗೂ ಕಡಿಮೆ, ಅಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ. ಹರಳಿಗೆ ಅಷ್ಟು ತೀವ್ರವಾದ ಬೆಳಕು ತಗುಲಿದರೆ ಅದು ಸಿಡಿದು ಹೋಗುತ್ತದೆ, ಆದರೆ ಸಿಡಿಯುವ ಮೊದಲೇ ಅದರ ಚಿತ್ರ ಡಿಟೆಕ್ಟರಿಗೆ ತಲುಪಿರುತ್ತದೆ. ಆದ್ದರಿಂದ ಪ್ರತಿ ಮಿಂಚಿಗೂ ಹೊಸ ಹರಳು ಬೇಕು, ಪ್ರತಿ ಚಿತ್ರವೂ ಬೇರೆ ಹರಳಿನದು.

ಕರ್ನಾಟಕಕ್ಕೂ ಹ್ಯಾಂಬರ್ಗ್‌ಗೂ ನೇರ ನಂಟಿದೆ. ಪೆಟ್ರಾ-3ರಲ್ಲಿ ಭಾರತೀಯ ಸಂಶೋಧಕರು ಪ್ರಯೋಗ ನಡೆಸಲು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೊಟ್ಟ ನೆರವು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮೂಲಕವೂ ಹರಿದಿದೆ. ನಿಮ್ಮ ವಿಭಾಗದಲ್ಲಿ ಅಲ್ಲಿಗೆ ಹೋಗಿಬಂದವರು ಯಾರಾದರೂ ಇದ್ದರೆ, ಅವರ ಹಾರ್ಡ್‌ಡಿಸ್ಕ್‌ನಲ್ಲಿರುವ ದತ್ತಾಂಶವೇ ನಿಮ್ಮ ಮೊದಲ ಪಾಠ.

ದತ್ತಾಂಶ ಎಷ್ಟು?

ಎಕ್ಸ್‌ಫೆಲ್‌ನ ಮಿಂಚುಗಳು ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಸೆಕೆಂಡಿಗೆ 10 ಗೊಂಚಲು. ಅಲ್ಲಿನವರು ಅದನ್ನು ಟ್ರೇನ್ ಎನ್ನುತ್ತಾರೆ. ಒಂದು ಟ್ರೇನ್‌ನಲ್ಲಿ ಗರಿಷ್ಠ 2,700 ಮಿಂಚು, ಒಂದರ ಹಿಂದೆ ಒಂದು ಸುಮಾರು 222 ನ್ಯಾನೊಸೆಕೆಂಡಿನ ಅಂತರದಲ್ಲಿ. ಅಂದರೆ 0.6 ಮಿಲಿಸೆಕೆಂಡಿನಲ್ಲಿ ಎಲ್ಲವೂ ಮುಗಿದು, ಉಳಿದ 99 ಮಿಲಿಸೆಕೆಂಡು ಮೌನ. ಅಷ್ಟು ವೇಗದಲ್ಲಿ ಚಿತ್ರವನ್ನು ಹೊರಗೆ ಸಾಗಿಸಬಲ್ಲ ತಂತಿ ಇಲ್ಲ. ಆದ್ದರಿಂದ ಎಜಿಐಪಿಡಿ ಎಂಬ ಡಿಟೆಕ್ಟರಿನಲ್ಲಿ ಪ್ರತಿ ಪಿಕ್ಸೆಲ್ಲಿನ ಒಳಗೇ 352 ನೆನಪಿನ ಕೋಶಗಳಿವೆ. ಮಿಂಚು ಬರುತ್ತಿರುವಾಗ ಚಿತ್ರಗಳನ್ನು ಅಲ್ಲಿ ಹಿಡಿದಿಟ್ಟುಕೊಂಡು, ಮೌನದ ಹೊತ್ತಿನಲ್ಲಿ ಹೊರಗೆ ಕಳಿಸುತ್ತದೆ. 2,700ರಲ್ಲಿ 352 ಮಾತ್ರ ಉಳಿಯುವುದಕ್ಕೆ ಇದೇ ಕಾರಣ.

ಈಗ ಲೆಕ್ಕ ಹಾಕಿ. ಡಿಟೆಕ್ಟರಿನಲ್ಲಿ 16 ಮಾಡ್ಯೂಲ್ ಅಂದರೆ ತುಂಡು, ಒಂದೊಂದರಲ್ಲಿ 512 × 128 ಪಿಕ್ಸೆಲ್, ಒಟ್ಟು 10,48,576. ಪ್ರತಿ ಪಿಕ್ಸೆಲ್ಲಿಗೆ ಎರಡು ಸಂಖ್ಯೆ ಬರುತ್ತವೆ, ಒಂದು ಬೆಳಕಿನ ಅಳತೆ, ಇನ್ನೊಂದು ಆ ಅಳತೆ ಯಾವ ಹಂತದ್ದು ಎಂಬ ಗುರುತು. ಒಂದೊಂದಕ್ಕೆ 2 ಬೈಟ್. ಸೆಕೆಂಡಿಗೆ 352 × 10 = 3,520 ಚಿತ್ರ. ಎಲ್ಲ ಗುಣಿಸಿದರೆ ಸೆಕೆಂಡಿಗೆ ಸುಮಾರು 14.8 ಗಿಗಾಬೈಟ್, ಗಂಟೆಗೆ 50 ಟೆರಾಬೈಟ್‌ಗೂ ಹೆಚ್ಚು. ಒಂದು ಪಾಳಿ 12 ಗಂಟೆಯದು. ನಡುನಡುವೆ ಮಾದರಿ ಬದಲಿಸಲು ನಿಲ್ಲಿಸಿದರೂ ಒಂದು ವಾರದ ಪ್ರಯೋಗದ ಕೊನೆಗೆ ಎಷ್ಟು ಗುಡ್ಡೆಯಾಗಬಹುದು ಊಹಿಸಿ. ಅಮೆರಿಕದ ಸ್ಟ್ಯಾನ್‌ಫರ್ಡ್ ಬಳಿಯ ಎಲ್‌ಸಿಎಲ್‌ಎಸ್ ಯಂತ್ರ 2009ರಲ್ಲಿ ಬೆಳಗಿದಾಗ ಅದರ ಗರಿಷ್ಠ ವೇಗ ಸೆಕೆಂಡಿಗೆ 120 ಮಿಂಚು. 2023ರಲ್ಲಿ ಮೊದಲ ಬೆಳಕು ಕಂಡ ಅದರ ಹೊಸ ರೂಪದ ಗುರಿ ಸೆಕೆಂಡಿಗೆ 10 ಲಕ್ಷ. ಬೆಳಕು ಹುಟ್ಟಿಸುವ ಕಷ್ಟವನ್ನು ಎಂಜಿನಿಯರುಗಳು ಗೆದ್ದರು. ಈಗ ಕಷ್ಟವೆಲ್ಲ ಡಿಟೆಕ್ಟರಿನಿಂದ ಈಚೆಗೆ ಬಂದು ಕೂತಿದೆ, ಪಿಎಚ್‌ಡಿ ಸೀಟುಗಳು ಹುಟ್ಟಿರುವುದು ಆ ಜಾಗದಲ್ಲೇ.

ಚಿತ್ರ ಎನ್ನುವುದು ಚಿತ್ರವಾಗುವ ಮೊದಲು

ಮಷಿನ್ ಲರ್ನಿಂಗ್ ಕಲಿತು ಬಂದವರು ಇಲ್ಲಿ ಮೊದಲು ಎಡವುವುದು ಮಾಡೆಲ್‌ನಲ್ಲಲ್ಲ, ದತ್ತಾಂಶದಲ್ಲಿ. ಕಾಲೇಜಿನಲ್ಲಿ ಸಿಗುವ ದತ್ತಾಂಶದಲ್ಲಿ ಚಿತ್ರ ತಯಾರಾಗಿ ಬಂದಿರುತ್ತದೆ, ಲೇಬಲ್ ಅಂಟಿಸಿರುತ್ತದೆ. ಇಲ್ಲಿ ಡಿಟೆಕ್ಟರಿನಿಂದ ಬರುವುದು ಕಚ್ಚಾ ಸಂಖ್ಯೆ.

ಬೆಳಕೇ ಇಲ್ಲದಾಗಲೂ ಪಿಕ್ಸೆಲ್ ಸೊನ್ನೆ ತೋರಿಸುವುದಿಲ್ಲ, ತನ್ನದೇ ಒಂದು ತಳಮಟ್ಟದ ಸಂಖ್ಯೆ ತೋರಿಸುತ್ತದೆ. ಎಜಿಐಪಿಡಿಯಲ್ಲಿ ಆ ತಳಮಟ್ಟ ಪಿಕ್ಸೆಲ್ಲಿಗೊಂದು ಮಾತ್ರವಲ್ಲ, ಅದರೊಳಗಿನ ಪ್ರತಿ ಕೋಶಕ್ಕೂ ಬೇರೆ. ಮೇಲಾಗಿ ಪಿಕ್ಸೆಲ್ಲಿಗೆ ಮೂರು ಹಂತಗಳಿವೆ: ಬೆಳಕು ಕಡಿಮೆಯಿದ್ದಾಗ ಒಂದೊಂದೇ ಫೋಟಾನನ್ನೂ ಗುರುತಿಸುವ ಸೂಕ್ಷ್ಮ ಹಂತ, ಬೆಳಕು ಹೆಚ್ಚಾದಾಗ ತಾನಾಗಿಯೇ ಹಾರುವ ಮಧ್ಯದ ಹಂತ, ಹತ್ತು ಸಾವಿರ ಫೋಟಾನ್‌ವರೆಗೂ ತಾಳುವ ಕೊನೆಯ ಹಂತ. ಹಾಗಾಗಿ ತಳಮಟ್ಟದ ಸಂಖ್ಯೆಗಳೇ 10,48,576 × 352 × 3, ಅಂದರೆ ಸುಮಾರು 110 ಕೋಟಿ. ಇವನ್ನು ಅಳೆಯಲು ಬೆಳಕು ಮುಚ್ಚಿ ಡಾರ್ಕ್ ರನ್ ಎಂಬ ಅಳತೆ ಮಾಡುತ್ತಾರೆ. ಬೆಳಿಗ್ಗೆ ಅಳೆದ ಡಾರ್ಕ್ ಸಂಜೆಯ ದತ್ತಾಂಶಕ್ಕೆ ಸರಿಯಾಗಿ ಕೂರದಿರಬಹುದು, ತಾಪಮಾನ ಸ್ವಲ್ಪ ಸರಿದರೂ ತಳಮಟ್ಟ ಸರಿಯುತ್ತದೆ.

ಇನ್ನೊಂದು ತೊಡಕು ಹಂತದ ಗುರುತಿನದು. ಯಾವ ಹಂತ ಎಂಬುದನ್ನೂ ಡಿಟೆಕ್ಟರ್ ಒಂದು ವೋಲ್ಟೇಜಾಗಿಯೇ ಕೊಡುತ್ತದೆ, ಅದಕ್ಕೆ ಗಡಿ ಎಳೆದು ಒಂದು, ಎರಡು, ಮೂರು ಎಂದು ತೀರ್ಮಾನಿಸಬೇಕು. ಗಡಿಯ ಹತ್ತಿರ ಬಿದ್ದ ಪಿಕ್ಸೆಲ್ಲನ್ನು ತಪ್ಪು ಹಂತಕ್ಕೆ ಸೇರಿಸಿದರೆ, ಒಂದೆರಡು ಫೋಟಾನ್ ಬಿದ್ದ ಕಡೆ ನೂರಾರು ಬಿದ್ದಂತೆ ಲೆಕ್ಕ ಬರುತ್ತದೆ. ಚಿತ್ರದಲ್ಲಿ ಅದು ಒಂಟಿಯಾಗಿ ಹೊಳೆಯುವ ಚುಕ್ಕೆ. ಹರಳಿನಿಂದ ಬರುವ ನಿಜವಾದ ಬ್ರ್ಯಾಗ್ ಚುಕ್ಕೆಯೂ ಹಾಗೇ ಕಾಣುತ್ತದೆ. ಕೆಟ್ಟ ಪಿಕ್ಸೆಲ್‌ಗಳಿಗೆ ಮಾಸ್ಕ್ ಹಾಕದೆ, ಅಂದರೆ ಅವನ್ನು ಲೆಕ್ಕದಿಂದ ಮುಚ್ಚಿಡದೆ, ಮಾಡೆಲ್ ತರಬೇತಿ ಮಾಡಿದರೆ ಅದು ಹರಳನ್ನು ಗುರುತಿಸುವ ಬದಲು ಕೆಟ್ಟ ಪಿಕ್ಸೆಲ್ಲಿನ ಜಾಗವನ್ನು ಬಾಯಿಪಾಠ ಮಾಡುತ್ತದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತದೆ, ಮಾಡ್ಯೂಲ್ ಬದಲಾದ ದಿನ ಕುಸಿಯುತ್ತದೆ.

ಫೈಲುಗಳ ವಿಷಯದಲ್ಲೂ ಒಂದು ಎಚ್ಚರ. 16 ಮಾಡ್ಯೂಲ್‌ಗಳು ತಮ್ಮ ತಮ್ಮ ಎಚ್‌ಡಿಎಫ್5 (ದೊಡ್ಡ ದತ್ತಾಂಶ ಇಡುವ ಒಂದು ಮಾದರಿ) ಫೈಲಿಗೆ ಬೇರೆಬೇರೆಯಾಗಿ ಬರೆಯುತ್ತವೆ. ನೆಟ್‌ವರ್ಕ್ ತಡವರಿಸಿದಾಗ ಯಾವುದೋ ಒಂದು ಮಾಡ್ಯೂಲ್ ಒಂದೆರಡು ಟ್ರೇನ್ ಕಳೆದುಕೊಂಡಿರುತ್ತದೆ. ಸಾಲಿನ ಕ್ರಮಸಂಖ್ಯೆ ನಂಬಿ 16ನ್ನೂ ಜೋಡಿಸಿದರೆ ಅಲ್ಲಿಂದ ಮುಂದಿನ ಎಲ್ಲ ಚಿತ್ರಗಳಲ್ಲೂ ಒಂದು ತುಂಡು ಬೇರೆ ಹರಳಿನದಾಗಿರುತ್ತದೆ. ಪ್ರೋಗ್ರಾಂ ದೂರು ಹೇಳುವುದಿಲ್ಲ. ಟ್ರೇನ್ ಐಡಿ ಮತ್ತು ಪಲ್ಸ್ ಐಡಿ, ಅಂದರೆ ಯಾವ ಟ್ರೇನ್‌ನ ಯಾವ ಮಿಂಚು ಎಂಬ ಗುರುತು ಸಂಖ್ಯೆ, ನೋಡಿಯೇ ಜೋಡಿಸಬೇಕು. ಎಕ್ಸ್‌ಫೆಲ್‌ನವರೇ ಬರೆದು ಮುಕ್ತವಾಗಿ ಕೊಟ್ಟಿರುವ ಎಕ್ಸ್‌ಟ್ರಾ-ಡೇಟಾ ಎಂಬ ಪೈಥಾನ್ ಲೈಬ್ರರಿ ಈ ಕೆಲಸ ಮಾಡಿಕೊಡುತ್ತದೆ. ಅದನ್ನು ಬಿಟ್ಟು ಸ್ವಂತ ಕೋಡ್ ಬರೆಯಲು ಹೊರಡುವುದು ಮೊದಲ ವರ್ಷದಲ್ಲಿ ವ್ಯರ್ಥ ಶ್ರಮ.

ಖಾಲಿ ಚಿತ್ರ ಮತ್ತು ಹರಳಿನ ಚಿತ್ರ

ಒಂದು ನಿಜವಾದ ಸಂಶೋಧನಾ ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಪ್ರೋಟೀನ್ ಹರಳುಗಳನ್ನು ದ್ರವದಲ್ಲಿ ಬೆರೆಸಿ ಕೂದಲಿಗಿಂತ ತೆಳುವಾದ ಜೆಟ್ ಆಗಿ ಎಕ್ಸ್-ರೇ ದಾರಿಗೆ ಅಡ್ಡ ಹರಿಸುತ್ತಾರೆ. ಮಿಂಚು ಬಂದ ಗಳಿಗೆಯಲ್ಲಿ ಆ ಜಾಗದಲ್ಲಿ ಹರಳು ಇದ್ದರೆ ಅದು ಹಿಟ್. ಬಹಳ ಸಲ ಇರುವುದಿಲ್ಲ, ಬರೀ ನೀರಿನ ಮಸುಕು ಉಂಗುರ ಬರುತ್ತದೆ. ಹಿಟ್ ಪ್ರಮಾಣ ಶೇಕಡಾ 3 ಎಂದು ಇಟ್ಟುಕೊಳ್ಳಿ. ಸೆಕೆಂಡಿಗೆ 3,520 ಚಿತ್ರದಲ್ಲಿ ಸುಮಾರು 106 ಹಿಟ್, 3,414 ಖಾಲಿ. ಖಾಲಿಯನ್ನು ಡಿಸ್ಕಿಗೆ ಬರೆಯುವ ಮೊದಲೇ ಎಸೆಯಲು ಸಾಧ್ಯವಾದರೆ ಸಂಗ್ರಹದ ಖರ್ಚು ಎಷ್ಟೋ ಇಳಿಯುತ್ತದೆ.

"ನನ್ನ ಮಾಡೆಲ್‌ನ ನಿಖರತೆ ಶೇಕಡಾ 97" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಎಲ್ಲವೂ ಖಾಲಿ ಎಂದು ಕಣ್ಣು ಮುಚ್ಚಿ ಹೇಳಿದರೂ ಅಷ್ಟು ನಿಖರತೆ ಬರುತ್ತದೆ! ಕೇಳಬೇಕಾದ್ದು ಎರಡು ಪ್ರಶ್ನೆ: ಹಿಟ್‌ಗಳಲ್ಲಿ ಎಷ್ಟು ಕೈತಪ್ಪಿದವು, ಖಾಲಿಗಳಲ್ಲಿ ಎಷ್ಟು ಒಳನುಸುಳಿದವು. ನೂರು ಹಿಟ್‌ನಲ್ಲಿ 95 ಹಿಡಿಯುವ, ನೂರು ಖಾಲಿಯಲ್ಲಿ ಒಂದನ್ನು ಮಾತ್ರ ತಪ್ಪಾಗಿ ಬಿಟ್ಟುಕೊಳ್ಳುವ ಮಾಡೆಲ್ ಇದ್ದರೆ ಸೆಕೆಂಡಿಗೆ 101 ಹಿಟ್, 34 ಖಾಲಿ, ಒಟ್ಟು 135 ಚಿತ್ರ ಉಳಿಯುತ್ತವೆ. ದತ್ತಾಂಶ 26 ಪಟ್ಟು ಇಳಿಯಿತು. ಕಳೆದದ್ದು ಸೆಕೆಂಡಿಗೆ ಐದು ಹಿಟ್ ಮಾತ್ರ.

ಆದರೆ ಯಾವ ಐದು? ದೊಡ್ಡ ಹರಳು ಪ್ರಖರವಾದ ಚುಕ್ಕೆ ಕೊಡುತ್ತದೆ, ಅದು ತಪ್ಪುವುದಿಲ್ಲ. ತಪ್ಪುವುದು ಸಣ್ಣ ಹರಳಿನ ಮಸುಕು ಚಿತ್ರಗಳು. ಮೊರದಲ್ಲಿ ಕೇರುವಾಗ ಜೊಳ್ಳಿನ ಜೊತೆ ಸಣ್ಣ ಕಾಳೂ ಹಾರಿಹೋದಂತೆ, ಒಂದೇ ಜಾತಿಯ ಚಿತ್ರಗಳು ಕ್ರಮವಾಗಿ ಕಳೆದುಹೋಗುತ್ತವೆ. ಸಣ್ಣ ಹರಳಿನಲ್ಲೇ ನಡೆಯುವ ಯಾವುದೋ ರಾಸಾಯನಿಕ ಬದಲಾವಣೆಯನ್ನು ಹುಡುಕುತ್ತಿರುವ ಜೀವವಿಜ್ಞಾನಿಗೆ ಆ ಐದೇ ಬೇಕಾಗಿರಬಹುದು. ಒಮ್ಮೆ ಎಸೆದದ್ದು ಮತ್ತೆ ಬರುವುದಿಲ್ಲ. ಆದ್ದರಿಂದ ಎಷ್ಟು ಕಳೆಯಿತು ಎಂಬುದರ ಜೊತೆಗೆ ಕಳೆದದ್ದರ ಸ್ವಭಾವವನ್ನೂ ಅಳೆಯುವ ವಿಧಾನ ರೂಪಿಸುವುದು ಪಿಎಚ್‌ಡಿಯ ಒಂದು ಪೂರ್ಣ ಅಧ್ಯಾಯಕ್ಕೆ ಸಾಕಾಗುವ ಕೆಲಸ. ನಮ್ಮ ಅಭಿಪ್ರಾಯದಲ್ಲಿ ಹೊಸ ನ್ಯೂರಲ್ ನೆಟ್‌ವರ್ಕ್ ಕಟ್ಟುವುದಕ್ಕಿಂತ ಇದೇ ದೊಡ್ಡ ಕೊಡುಗೆ. ಒಂದು ಸರಳ ಉಪಾಯವೆಂದರೆ, ಮಾಡೆಲ್ ತಿರಸ್ಕರಿಸಿದ ಚಿತ್ರಗಳಲ್ಲಿ ನೂರಕ್ಕೆ ಒಂದನ್ನು ಯಾದೃಚ್ಛಿಕವಾಗಿ ಆರಿಸಿ ಉಳಿಸಿಕೊಳ್ಳುವುದು. ಏನು ಕಳೆಯುತ್ತಿದ್ದೇವೆ ಎಂಬ ಅಂದಾಜು ಆಗ ಕೈಯಲ್ಲಿರುತ್ತದೆ.

ಲೇಬಲ್‌ನ ಕಷ್ಟ ಬೇರೆ. ಲಕ್ಷಾಂತರ ಚಿತ್ರಗಳನ್ನು ಮನುಷ್ಯರು ಕೂತು ಗುರುತು ಮಾಡಲಾರರು. ಹಾಗಾಗಿ ಹಳೆಯ ಚುಕ್ಕೆ ಹುಡುಕುವ ಅಲ್ಗಾರಿದಂ ಕೊಟ್ಟ ಉತ್ತರವನ್ನೇ ಲೇಬಲ್ ಎಂದು ಇಟ್ಟುಕೊಳ್ಳುತ್ತಾರೆ. ಆಗ ಮಾಡೆಲ್ ಹಳೆಯ ಅಲ್ಗಾರಿದಂನ ತಪ್ಪುಗಳನ್ನೂ ಶ್ರದ್ಧೆಯಿಂದ ಕಲಿಯುತ್ತದೆ. ಇದರಿಂದ ಹೊರಬರುವ ದಾರಿ, ಮಾಡೆಲ್ ಆರಿಸಿದ ಚಿತ್ರಗಳನ್ನು ಕ್ರಿಸ್ಟ್‌ಫೆಲ್‌ನಂಥ ಸಾಫ್ಟ್‌ವೇರಿಗೆ ಕೊಟ್ಟು ಎಷ್ಟು ಚಿತ್ರಗಳಲ್ಲಿ ಹರಳಿನ ದಿಕ್ಕು ನಿಜವಾಗಿ ಸಿಕ್ಕಿತು, ಕೊನೆಗೆ ಬಂದ ಪ್ರೋಟೀನ್ ರಚನೆ ಎಷ್ಟು ಸ್ಪಷ್ಟವಾಯಿತು ಎಂದು ನೋಡುವುದು. ಅಳತೆಗೋಲು ಪ್ರಯೋಗದ ಕೊನೆಯಲ್ಲಿರಬೇಕು, ಮಾಡೆಲ್‌ನ ತುದಿಯಲ್ಲಲ್ಲ.

ದತ್ತಾಂಶ ಹಂಚುವಾಗ ಆಗುವ ತಪ್ಪನ್ನೂ ಇಲ್ಲೇ ಹೇಳಬೇಕು. ಎಲ್ಲ ಚಿತ್ರಗಳನ್ನೂ ಕಲಸಿ ಶೇಕಡಾ 80 ತರಬೇತಿಗೆ, 20 ಪರೀಕ್ಷೆಗೆ ಎಂದು ಹಂಚಿದರೆ, ಒಂದೇ ರನ್ನಿನ (ಒಂದೇ ಸಲ ನಡೆಸಿದ ಅಳತೆಯ) ಅಕ್ಕಪಕ್ಕದ ಚಿತ್ರಗಳು ಎರಡೂ ಕಡೆ ಸೇರುತ್ತವೆ. ಹಿನ್ನೆಲೆ ಒಂದೇ, ಜೆಟ್ ಒಂದೇ, ಡಿಟೆಕ್ಟರಿನ ದೂರವೂ ಒಂದೇ. ಅಂಕ ಚೆನ್ನಾಗಿ ಬರುತ್ತದೆ, ಅರ್ಥವಿರುವುದಿಲ್ಲ. ರನ್ ಆಧಾರದಲ್ಲಿ ಹಂಚಬೇಕು. ಇನ್ನೂ ಒಳ್ಳೆಯದೆಂದರೆ ಒಂದು ಬೀಮ್‌ಟೈಮ್‌ನ (ಯಂತ್ರದಲ್ಲಿ ಒಂದು ತಂಡಕ್ಕೆ ಸಿಗುವ ಸಮಯದ) ದತ್ತಾಂಶದಲ್ಲಿ ಕಲಿಸಿ, ಇನ್ನೊಂದರಲ್ಲಿ ಪರೀಕ್ಷಿಸುವುದು. ಫೋಟಾನ್ ಶಕ್ತಿ ಬದಲಾದರೆ ಚುಕ್ಕೆಗಳ ಜಾಗ ಬದಲಾಗುತ್ತದೆ, ದ್ರವ ಬದಲಾದರೆ ಹಿನ್ನೆಲೆ ಬದಲಾಗುತ್ತದೆ. ಮುಂದಿನ ಪ್ರಯೋಗಕ್ಕೆ ಬರುವ ತಂಡ ಹಿಂದಿನ ತಂಡದ ಹರಳನ್ನು ತರುವುದಿಲ್ಲವಲ್ಲ.

ಬೇರೆ ವಿಷಯಗಳೂ ಇವೆ. ಸಿಂಕ್ರೊಟ್ರಾನ್‌ನಲ್ಲಿ ಟೊಮೊಗ್ರಫಿ ಮಾಡುವವರು ಮಾದರಿಯನ್ನು ತಿರುಗಿಸುತ್ತಾ ಸಾವಿರಾರು ಚಿತ್ರ ತೆಗೆದು ಮೂರು ಆಯಾಮದ ರೂಪ ಕಟ್ಟುತ್ತಾರೆ. ಎಕ್ಸ್-ರೇ ಪ್ರಮಾಣ ತಗ್ಗಿಸಲು ಚಿತ್ರಗಳ ಸಂಖ್ಯೆ ಕಡಿಮೆ ಮಾಡಿ, ಉಳಿದದ್ದನ್ನು ಮಾಡೆಲ್‌ನಿಂದ ತುಂಬಿಸುವ ಆಸೆ ಇದೆ. ಅಪಾಯ ಏನೆಂದರೆ, ತರಬೇತಿಯಲ್ಲಿ ಬಿರುಕು ಬಿಟ್ಟ ಬ್ಯಾಟರಿಗಳನ್ನೇ ನೋಡಿದ ಮಾಡೆಲ್ ಬಿರುಕಿಲ್ಲದ ಕಡೆಯೂ ನಯವಾದ, ನಂಬುವಂಥ ಬಿರುಕು ಬಿಡಿಸಿಬಿಡಬಹುದು. ಮಾಡೆಲ್ ಕಟ್ಟಿದ ರೂಪದಿಂದ ಮತ್ತೆ ಎಕ್ಸ್-ರೇ ನೆರಳನ್ನು ಲೆಕ್ಕ ಹಾಕಿ, ಬಳಸದೆ ಬದಿಗಿಟ್ಟಿದ್ದ ನಿಜವಾದ ಚಿತ್ರದ ಜೊತೆ ಹೋಲಿಸಿ ನೋಡುವುದು ಇಲ್ಲಿ ಕಡ್ಡಾಯ ಶಿಸ್ತು. ವೇಗವರ್ಧಕವನ್ನೇ ಸರಿಹೊಂದಿಸುವ ಕೆಲಸ ಮೂರನೆಯದು: ಹತ್ತಾರು ಅಯಸ್ಕಾಂತಗಳ ಪ್ರವಾಹವನ್ನು ಬೇಯ್ಸಿಯನ್ ಆಪ್ಟಿಮೈಸೇಶನ್ (ಹಿಂದಿನ ಅಳತೆಗಳಿಂದ ಮುಂದೆ ಯಾವುದನ್ನು ಪ್ರಯತ್ನಿಸಬೇಕೆಂದು ಆರಿಸುವ ವಿಧಾನ) ಮೂಲಕ ತಿರುವಿ ಬೆಳಕಿನ ತೀವ್ರತೆ ಹೆಚ್ಚಿಸುವುದು. ಅಲ್ಲಿ ಚಿತ್ರಗಳಿಲ್ಲ, ಆದರೆ ತಪ್ಪು ಹೆಜ್ಜೆ ಇಟ್ಟರೆ ಇಡೀ ಯಂತ್ರ ನಿಂತು ಎಲ್ಲ ಬೀಮ್‌ಲೈನ್‌ನವರ (ಯಂತ್ರದ ಬೆಳಕು ಪಡೆಯುವ ಪ್ರಯೋಗ ಕೇಂದ್ರಗಳವರ) ಸಮಯವೂ ಹೋಗುತ್ತದೆ, ಆದ್ದರಿಂದ ಸುರಕ್ಷಿತ ಮಿತಿಯೊಳಗೇ ಹುಡುಕುವ ಅಲ್ಗಾರಿದಂ ಬೇಕು.

ಹಣ ಮತ್ತು ಒಪ್ಪಂದ

ಜರ್ಮನಿಯಲ್ಲಿ ಪಿಎಚ್‌ಡಿಗೆ ಹಣ ಎರಡು ದಾರಿಯಲ್ಲಿ ಬರುತ್ತದೆ, ಪ್ರಕಟಣೆಯಲ್ಲಿ ಯಾವುದೆಂದು ಮೊದಲೇ ನೋಡಿಕೊಳ್ಳಿ. ಒಂದು ನೌಕರಿಯ ಒಪ್ಪಂದ. ನೀವು ಸಂಸ್ಥೆಯ ಉದ್ಯೋಗಿ, ಸಾರ್ವಜನಿಕ ವಲಯದ ವೇತನ ಶ್ರೇಣಿಯ 13ನೇ ದರ್ಜೆ, ಬಹುಪಾಲು ಮೂರು ವರ್ಷ. ಪೂರ್ಣ ಸಂಬಳವೋ, ಅದರ ಮುಕ್ಕಾಲೋ, ಮೂರನೇ ಎರಡು ಭಾಗವೋ ಎಂಬುದು ಪ್ರಕಟಣೆಯಲ್ಲಿ ಶೇಕಡಾವಾರು ಬರೆದಿರುತ್ತದೆ. ಅದನ್ನು ಓದದೆ ಪೂರ್ಣ ಸಂಬಳದ ಕನಸು ಕಾಣಬೇಡಿ. ಒಂಟಿಯಾಗಿರುವವರಿಗೆ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಕಡಿತ ಸೇರಿ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. ಇನ್ನೊಂದು ಸ್ಟೈಪೆಂಡ್. ಕೈಗೆ ಬರುವ ಮೊತ್ತ ಚಿಕ್ಕದು, ಸಾಮಾನ್ಯವಾಗಿ ತೆರಿಗೆ ಇಲ್ಲ, ಆದರೆ ನೀವು ಉದ್ಯೋಗಿಯಲ್ಲ: ಪಿಂಚಣಿ ಜಮೆಯಾಗುವುದಿಲ್ಲ, ಆರೋಗ್ಯ ವಿಮೆಯನ್ನು ಸ್ವಂತ ಮಾಡಿಸಬೇಕು, ಮುಗಿದ ಮೇಲೆ ನಿರುದ್ಯೋಗ ಭತ್ಯೆಯ ಹಕ್ಕಿಲ್ಲ. ಎರಡೂ ಕೈಗೆ ಸಿಕ್ಕರೆ ನೌಕರಿಯ ಒಪ್ಪಂದವನ್ನೇ ಹಿಡಿಯಿರಿ.

ಐರೋಪ್ಯ ಒಕ್ಕೂಟದ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳ ಹಣದಲ್ಲಿ ಬರುವ ಸೀಟುಗಳಿಗೆ ಒಂದು ವಿಶೇಷ ನಿಯಮವಿದೆ: ಸೇರುವ ಮುಂಚಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಿರಬಾರದು. ಧಾರವಾಡದಿಂದ ನೇರ ಹೋಗುವವರಿಗೆ ಇದು ತೊಡಕಲ್ಲ. ಜರ್ಮನಿಯಲ್ಲೇ ಎರಡು ವರ್ಷ ಎಂಎಸ್ ಮುಗಿಸಿ ಅಲ್ಲೇ ಪಿಎಚ್‌ಡಿ ಹುಡುಕುತ್ತಿರುವವರು ಇಂಥ ಜರ್ಮನ್ ಸೀಟಿಗೆ ಅನರ್ಹರು. ಸ್ವೀಡನ್‌ನ ಲುಂಡ್‌ನಲ್ಲೋ, ಫ್ರಾನ್ಸ್‌ನ ಗ್ರೆನೋಬಲ್‌ನಲ್ಲೋ ಇರುವ ಸಿಂಕ್ರೊಟ್ರಾನ್‌ಗಳ ಸೀಟಿಗೆ ನೋಡಬಹುದು.

ಸಂಶೋಧನಾ ಕೇಂದ್ರ ಪದವಿ ಕೊಡುವುದಿಲ್ಲ, ಕೊಡುವುದು ವಿಶ್ವವಿದ್ಯಾಲಯ. ಆದ್ದರಿಂದ ಕೆಲಸ ಸಿಕ್ಕ ಮೇಲೆ ಹ್ಯಾಂಬರ್ಗ್ ವಿಶ್ವವಿದ್ಯಾಲಯದಂಥ ಕಡೆ ಡಾಕ್ಟರಲ್ ವಿದ್ಯಾರ್ಥಿಯಾಗಿ ಪ್ರತ್ಯೇಕ ಪ್ರವೇಶ ಪಡೆಯಬೇಕು. ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ವಂತಿಗೆ ಇದೆ. ನೀವು ಭೌತವಿಜ್ಞಾನ ವಿಭಾಗಕ್ಕೆ ಸೇರುತ್ತೀರೋ, ಕಂಪ್ಯೂಟರ್ ವಿಜ್ಞಾನ ವಿಭಾಗಕ್ಕೋ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಗೈಡ್ ಹತ್ತಿರ ಕೇಳಿ. ಬಿಇ ಕಂಪ್ಯೂಟರ್ ಸೈನ್ಸ್, ಎಂಟೆಕ್ ಮಾಡಿದವರನ್ನು ಭೌತವಿಜ್ಞಾನ ವಿಭಾಗ ಹೆಚ್ಚುವರಿ ಪರೀಕ್ಷೆ ಬರೆಯಿರಿ ಎನ್ನಬಹುದು. ಹ್ಯಾಂಬರ್ಗ್‌ನ ಡಾಶ್ ಎಂಬ ದತ್ತಾಂಶ ವಿಜ್ಞಾನ ಪದವಿ ಶಾಲೆ ಈ ತೊಡಕಿಗಾಗಿಯೇ ಎರಡು ಕಡೆಯಿಂದ ಗೈಡ್‌ಗಳನ್ನು ಕೊಡುವ ಕ್ರಮ ತಂದಿತು, ಒಬ್ಬರು ನಿಸರ್ಗ ವಿಜ್ಞಾನದವರು, ಇನ್ನೊಬ್ಬರು ಗಣಿತ ಅಥವಾ ಕಂಪ್ಯೂಟರ್ ವಿಜ್ಞಾನದವರು.

ಅರ್ಜಿ

ಬಿಇ ಒಂದೇ ಇದ್ದರೆ ಸಾಮಾನ್ಯವಾಗಿ ಸಾಲದು, ಎಂಎಸ್ಸಿ ಅಥವಾ ಎಂಟೆಕ್ ಬೇಕು. ನಿಮ್ಮ ವಿಶ್ವವಿದ್ಯಾಲಯಕ್ಕೆ ಅಲ್ಲಿ ಮಾನ್ಯತೆ ಇದೆಯೇ ಎಂದು ಅನಾಬಿನ್ ಎಂಬ ಸರ್ಕಾರಿ ದತ್ತಸಂಚಯದಲ್ಲಿ ನೋಡಿ. ಎಚ್ ಪ್ಲಸ್ ಗುರುತು ಇರಬೇಕು. ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಪ್ರೊವಿಷನಲ್ ಅಥವಾ ಕಾನ್ವೊಕೇಶನ್ ಸರ್ಟಿಫಿಕೇಟ್ ಒಂದೇ ಪಿಡಿಎಫ್ ಮಾಡಿ. ಎಂಎಸ್ಸಿ ಕೊನೆಯ ಸೆಮಿಸ್ಟರಿನಲ್ಲಿದ್ದರೆ ಯಾವ ತಿಂಗಳಲ್ಲಿ ಮುಗಿಯುತ್ತದೆ ಎಂದು ವಿಭಾಗದ ಮುಖ್ಯಸ್ಥರಿಂದ ಪತ್ರ ಬರೆಸಿಕೊಳ್ಳಿ.

ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕನಿಷ್ಠ ತೇರ್ಗಡೆ. ನಮ್ಮ ಸಿಜಿಪಿಎಯನ್ನು ಅದಕ್ಕೆ ತಿರುಗಿಸುವ ಸೂತ್ರ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ತೇರ್ಗಡೆ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ 8.4 ಇದ್ದು ತೇರ್ಗಡೆ 4 ಆದರೆ 1.8 ಬರುತ್ತದೆ. ಅದೇ 8.4ಕ್ಕೆ ತೇರ್ಗಡೆ 5 ಇದ್ದರೆ ಸುಮಾರು 2. ಆದ್ದರಿಂದ ಮಾರ್ಕ್ಸ್ ಕಾರ್ಡಿನ ಹಿಂಬದಿಯಲ್ಲಿರುವ ಗ್ರೇಡಿಂಗ್ ನಿಯಮದ ಪುಟವನ್ನೂ ಸ್ಕ್ಯಾನ್ ಮಾಡಿ ಸೇರಿಸಿ, ಇಲ್ಲದಿದ್ದರೆ ತೇರ್ಗಡೆ ಅಂಕವನ್ನು ಅವರೇ ಊಹಿಸಿಕೊಳ್ಳುತ್ತಾರೆ.

ಅರ್ಜಿಯ ಜೊತೆಗಿನ ಪತ್ರದಲ್ಲಿ "ನನಗೆ ಕೃತಕ ಬುದ್ಧಿಮತ್ತೆ ಎಂದರೆ ಬಾಲ್ಯದಿಂದ ಆಸಕ್ತಿ" ಎಂಬ ಸಾಲು ಬೇಡ. ಒಂದು ಪುಟ ಸಾಕು. ಅದರಲ್ಲಿ ಅರ್ಧ ಪುಟ ನೀವು ಕಚ್ಚಾ ದತ್ತಾಂಶದ ಜೊತೆ ಮಾಡಿದ ಒಂದು ಕೆಲಸಕ್ಕೆ ಮೀಸಲಿಡಿ. ಹಾಗೆ ಮಾಡಿಲ್ಲವಾದರೆ ಈಗಲೂ ಮಾಡಬಹುದು. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯ ನಡೆಸುವ ಸಿಎಕ್ಸ್‌ಐಡಿಬಿ ಭಂಡಾರದಲ್ಲಿ ಎಕ್ಸ್-ರೇ ಲೇಸರ್ ಪ್ರಯೋಗಗಳ ದತ್ತಾಂಶ ಉಚಿತವಾಗಿ ಸಿಗುತ್ತದೆ. ಇಡೀ ಪ್ರಯೋಗವನ್ನು ಇಳಿಸಿಕೊಳ್ಳಲು ಹೋಗಬೇಡಿ, ಎರಡು ಮೂರು ರನ್ ಸಾಕು. ಎಚ್5ಪೈ ಎಂಬ ಪೈಥಾನ್ ಲೈಬ್ರರಿ ಬಳಸಿ ಫೈಲ್ ತೆರೆಯಿರಿ. ಕೆಲವು ನೂರು ಚಿತ್ರಗಳ ಪ್ರತಿ ಪಿಕ್ಸೆಲ್ಲಿನ ಸರಾಸರಿ ಮತ್ತು ಏರುಪೇರು ಲೆಕ್ಕ ಹಾಕಿ. ಏರುಪೇರೇ ಇಲ್ಲದವು ಸತ್ತ ಪಿಕ್ಸೆಲ್, ವಿಪರೀತ ಇರುವವು ಕೆಟ್ಟವು, ಎರಡಕ್ಕೂ ಮಾಸ್ಕ್ ಹಾಕಿ. ಮೊದಲು ನ್ಯೂರಲ್ ನೆಟ್‌ವರ್ಕ್ ಇಲ್ಲದೆ, ಒಂದು ಮಿತಿಗಿಂತ ಪ್ರಖರವಾದ ಚುಕ್ಕೆಗಳನ್ನು ಎಣಿಸುವ ಸರಳ ವಿಧಾನದಿಂದ ಹಿಟ್ ಹುಡುಕಿ. ಆಮೇಲೆ ಎರಡು ಮೂರು ಪದರದ ಚಿಕ್ಕ ನೆಟ್‌ವರ್ಕ್ ತರಬೇತಿ ಮಾಡಿ, ಬೇರೆ ರನ್ನಿನ ಮೇಲೆ ಪರೀಕ್ಷಿಸಿ. ಸರಳ ವಿಧಾನವೇ ಗೆದ್ದರೆ ಗೆದ್ದಿತೆಂದೇ ಬರೆಯಿರಿ. ಎರಡೂ ವಿಧಾನಗಳು ಭಿನ್ನವಾಗಿ ತೀರ್ಪು ಕೊಟ್ಟ 50 ಚಿತ್ರಗಳನ್ನು ಕಣ್ಣಾರೆ ನೋಡಿ, ಯಾವುದು ಸರಿ ಎಂದು ದಾಖಲಿಸಿ. ಕೋಡನ್ನು ಗಿಟ್‌ನಲ್ಲಿ ಹಾಕಿ, ಬೇರೆಯವರು ಓಡಿಸಿ ನೋಡುವಂತೆ ಸೂಚನೆ ಬರೆಯಿರಿ. ಈ 50 ಚಿತ್ರಗಳ ಮಾತು ಎಷ್ಟೋ ಆನ್‌ಲೈನ್ ಸರ್ಟಿಫಿಕೇಟ್‌ಗಳಿಗಿಂತ ತೂಕದ್ದು.

ರೆಕಮೆಂಡೇಶನ್ ಪತ್ರ ಕೊಡುವವರು ನಿಮ್ಮ ಪ್ರಾಜೆಕ್ಟ್ ನೋಡಿದವರಾಗಿರಲಿ. ಪ್ರಿನ್ಸಿಪಾಲರ ಲೆಟರ್‌ಹೆಡ್‌ನಲ್ಲಿ "ಒಳ್ಳೆಯ ನಡತೆಯ ವಿದ್ಯಾರ್ಥಿ" ಎಂದು ಬರೆಸಿಕೊಂಡು ಹೋದರೆ ಅಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ.

ಆಯ್ಕೆಯಾದ ಮೇಲೆ ಸಂಸ್ಥೆ ಒಪ್ಪಂದದ ಜೊತೆ ಸಂಶೋಧಕರ ವೀಸಾಕ್ಕೆ ಬೇಕಾದ ಆತಿಥೇಯ ಒಪ್ಪಂದ ಪತ್ರವನ್ನೂ ಕಳಿಸುತ್ತದೆಯೇ ಎಂದು ಕೇಳಿ. ಸಂಬಳದ ಒಪ್ಪಂದ ಇದ್ದವರು ಬ್ಲಾಕ್ಡ್ ಅಕೌಂಟಿನಲ್ಲಿ (ಜೀವನ ಖರ್ಚಿಗೆ ಹಣವಿದೆ ಎಂದು ತೋರಿಸಲು ತೆರೆಯುವ ಖಾತೆ) ಹಣ ಇಡಬೇಕಾಗಿ ಬರುವುದು ವಿರಳ. ಜರ್ಮನಿಯ ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ. ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗುತ್ತದೆ, ಸೇರುವ ದಿನಾಂಕವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಸಂದರ್ಶನದಲ್ಲಿ ನೀವು ಕೇಳಬೇಕಾದ್ದು

ಅವರು ಕೇಳುವ ಪ್ರಶ್ನೆಗಳಷ್ಟೇ ನೀವು ಕೇಳುವ ಪ್ರಶ್ನೆಗಳೂ ಮುಖ್ಯ. ದತ್ತಾಂಶ ಈಗಾಗಲೇ ಇದೆಯೇ, ಇನ್ನು ಅಳೆಯಬೇಕೇ? ಇದು ಮೊದಲ ಪ್ರಶ್ನೆಯಾಗಲಿ. ಬೀಮ್‌ಟೈಮ್‌ಗೆ ಅರ್ಜಿ ಹಾಕಿ, ಅದನ್ನು ತಜ್ಞರು ಪರಿಶೀಲಿಸಿ, ಸಮಯ ಸಿಕ್ಕಿ, ಪ್ರಯೋಗ ನಡೆಯುವ ಹೊತ್ತಿಗೆ ಹಲವು ತಿಂಗಳು ಹೋಗುತ್ತವೆ. ಆ ದಿನ ಯಂತ್ರ ಕೆಟ್ಟರೆ ಮತ್ತೆ ಸರದಿ. ಮೂರು ವರ್ಷದ ಒಪ್ಪಂದವನ್ನು ಒಂದೇ ಬೀಮ್‌ಟೈಮ್‌ಗೆ ನೇತುಹಾಕುವುದು ಅಪಾಯ. ಹಳೆಯ ದತ್ತಾಂಶದ ಮೇಲೆ ಕನಿಷ್ಠ ಮೊದಲ ಲೇಖನ ಸಾಧ್ಯವೇ ಎಂದು ಖಚಿತ ಮಾಡಿಕೊಳ್ಳಿ. ಎಕ್ಸ್‌ಫೆಲ್‌ನ ನೀತಿಯಂತೆ ದತ್ತಾಂಶ ಸಾಮಾನ್ಯವಾಗಿ ಮೂರು ವರ್ಷ ಪ್ರಯೋಗ ಮಾಡಿದ ತಂಡದ ಹಕ್ಕಿನಲ್ಲಿರುತ್ತದೆ. ಬೇರೆ ತಂಡದ ದತ್ತಾಂಶದಲ್ಲಿ ಮಾಡೆಲ್ ಕಲಿಸುವುದಾದರೆ ಅವರ ಒಪ್ಪಿಗೆ ಯಾರು ತರುತ್ತಾರೆ, ಲೇಖನದಲ್ಲಿ ಯಾರ ಹೆಸರು ಸೇರುತ್ತದೆ ಎಂಬುದು ಮೊದಲೇ ತೀರ್ಮಾನವಾಗಲಿ.

ಮಾಡೆಲ್ ಎಲ್ಲಿ ಓಡಬೇಕು ಎಂಬುದು ಎರಡನೆಯ ಪ್ರಶ್ನೆ. ಪ್ರಯೋಗ ಮುಗಿದ ಮೇಲೆ ಡೇಸಿಯ ಮ್ಯಾಕ್ಸ್‌ವೆಲ್ ಕಂಪ್ಯೂಟರ್ ಸಮೂಹದಲ್ಲಿ ಓಡಿದರೆ ಸಾಕೇ, ಅಥವಾ ಎರಡು ಟ್ರೇನ್ ನಡುವಿನ 100 ಮಿಲಿಸೆಕೆಂಡಿನಲ್ಲಿ ತೀರ್ಪು ಕೊಡಬೇಕೇ? ಎರಡನೆಯದಾದರೆ ದೊಡ್ಡ ಮಾಡೆಲ್ ಮರೆತುಬಿಡಿ. ಸಂಖ್ಯೆಗಳನ್ನು 8 ಬಿಟ್‌ಗೆ ಇಳಿಸುವುದು, ಎಫ್‌ಪಿಜಿಎ ಎಂಬ, ಒಳಗಿನ ಸರ್ಕ್ಯೂಟನ್ನೇ ಬೇಕಾದಂತೆ ಜೋಡಿಸಬಹುದಾದ ಚಿಪ್‌ಗೆ ಹೊಂದಿಸುವುದು ನಿಮ್ಮ ಪಿಎಚ್‌ಡಿಯ ಅರ್ಧ ಭಾಗ ತಿನ್ನುತ್ತದೆ, ಅದನ್ನು ಕಲಿಸುವ ಎಂಜಿನಿಯರ್ ಗುಂಪಿನಲ್ಲಿ ಇದ್ದಾರೆಯೇ ಕೇಳಿ. ಪಾಳಿಯ ವಿಷಯವೂ ಕೇಳಿ. ಬೀಮ್‌ಟೈಮ್ ವಾರದಲ್ಲಿ ದತ್ತಾಂಶ ನೋಡುವವರಿಗೆ ರಾತ್ರಿ ಪಾಳಿ ತಪ್ಪುವುದಿಲ್ಲ, ಅದಕ್ಕೆ ಮೊದಲು ವಿಕಿರಣ ಸುರಕ್ಷತೆಯ ತರಬೇತಿ ಮುಗಿಸಬೇಕು. ಸೀಸದ ಗೋಡೆಯ ಕೋಣೆಯಲ್ಲಿ ಯಾರೂ ಉಳಿದಿಲ್ಲ ಎಂದು ಒಳಗೆ ನಡೆದು ನೋಡಿ, ಗೋಡೆಯ ಗುಂಡಿಗಳನ್ನು ಕ್ರಮವಾಗಿ ಒತ್ತಿ, ಬಾಗಿಲು ಮುಚ್ಚಿದ ಮೇಲಷ್ಟೇ ಬೆಳಕು ಒಳಗೆ ಬರುತ್ತದೆ. ಕಂಪ್ಯೂಟರ್ ಸೈನ್ಸ್‌ನಿಂದ ಬಂದವರೂ ಇದನ್ನು ಮಾಡಲು ಕಲಿಯುತ್ತಾರೆ.

ಸೇರಿದ ಮೊದಲ ವಾರಕ್ಕೆ ಒಂದು ಮಾತು. ಎಕ್ಸ್‌ಫೆಲ್‌ನಲ್ಲಿ ಪ್ರತಿ ಪ್ರಯೋಗಕ್ಕೂ ರಾ (ಕಚ್ಚಾ), ಪ್ರಾಕ್ (ಸರಿಪಡಿಸಿದ್ದು), ಯೂಸರ್, ಸ್ಕ್ರ್ಯಾಚ್ ಎಂಬ ನಾಲ್ಕು ಫೋಲ್ಡರ್ ಇರುತ್ತವೆ. ರಾ ಎಂಬುದನ್ನು ಯಾರೂ ತಿದ್ದಲಾರರು. ಸ್ಕ್ರ್ಯಾಚ್‌ನಲ್ಲಿ ಜಾಗ ಧಾರಾಳ, ಬ್ಯಾಕಪ್ ಇಲ್ಲ. ತರಬೇತಿಯಾದ ಮಾಡೆಲ್‌ಗಳನ್ನೂ ಕೈಯಿಂದ ಮಾಡಿದ ಲೇಬಲ್‌ಗಳನ್ನೂ ಅಲ್ಲಿ ಬಿಡಬೇಡಿ. ಯೂಸರ್ ಫೋಲ್ಡರಿನಲ್ಲಿಡಿ, ಯಾವ ಡಾರ್ಕ್ ರನ್ ಬಳಸಿದಿರಿ ಎಂಬುದನ್ನು ಅದರ ಪಕ್ಕದಲ್ಲೇ ಒಂದು ಫೈಲಿನಲ್ಲಿ ಬರೆದಿಡಿ.